ಇಪ್ಪತ್ತೈದು ಮಾತಿನ ಕಾಗದ

ನಮ್ಮ ಹಳ್ಳಿಗಳ ಕೊಟ್ಟಿಗೆಯಲ್ಲಿ ಜರ್ಸಿ ಹಸುವನ್ನು ಕಾಣದವರು ಇಂದು ವಿರಳ. ಬೆಳಗಿನ ಜಾವದಲ್ಲೆದ್ದು ಹಾಲು ಕರೆದು ಡೇರಿಗೆ ಹಾಕಿ ಬರುವ ರೈತನಿಗೆ ಅದೊಂದು ತಳಿಯ ಹೆಸರೇ ಹೊರತು ನೆಲದ ಹೆಸರಲ್ಲ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ, ನಾರ್ಮಂಡಿಯ ತೀರಕ್ಕೆ ಸಮೀಪವಾಗಿ, ಆ ಹೆಸರಿನ ದ್ವೀಪವೊಂದಿದೆಯೆಂಬುದನ್ನು ಅವನು ತಿಳಿಯಬೇಕಾದ ಅಗತ್ಯವೂ ಇಲ್ಲ. ಆ ಜರ್ಸಿಯ ನೆರೆಯಲ್ಲಿಯೇ ಅದರ ತಂಗಿಯೆನ್ನಬಹುದಾದ ಇನ್ನೊಂದು ದ್ವೀಪವುಂಟು. ಅದರ ಹೆಸರು ಗರ್ನ್ಸಿ. ಅದೂ ತನ್ನ ಹೆಸರಿನ ಹಸುವನ್ನು ಜಗತ್ತಿಗೆ ಕೊಟ್ಟಿದೆ. ಹಸುಗಳು ಖಂಡಾಂತರಗಳಿಗೆ ಹೋದುದನ್ನು ಲೋಕವು ಬಲ್ಲದು. ಆ ದ್ವೀಪದ ಮಕ್ಕಳು ಒಂದು ದಿನ ಊರುಬಿಟ್ಟು ಹೋಗಿ ಐದು ವರ್ಷ ಮರಳದಿದ್ದುದನ್ನು ಬಲ್ಲವರು ಕೆಲವರೇ. ನಾನು ಹೇಳಹೊರಟಿರುವುದು ಆ ಮಕ್ಕಳ ವೃತ್ತಾಂತವನ್ನು, ಮತ್ತು ಆ ವೃತ್ತಾಂತವು ಎಪ್ಪತ್ತು ವರ್ಷಗಳ ಕಾಲ ಯಾರ ಕಿವಿಗೂ ಬೀಳದೆ ಉಳಿದುದು ಹೇಗೆಂಬುದನ್ನು.

ಇಪ್ಪತ್ತೈದು ಚದರ ಮೈಲಿಯಷ್ಟಿರುವ ಈ ಗರ್ನ್ಸಿಯು ಇಂಗ್ಲೆಂಡಿನ ಅರಸೊತ್ತಿಗೆಗೆ ಸೇರಿದ್ದರೂ ಇಂಗ್ಲೆಂಡಿನ ಭಾಗವಲ್ಲ. ಅದಕ್ಕೆ ತನ್ನದೇ ಆದ ಶಾಸನಸಭೆ, ತನ್ನದೇ ಆದ ನ್ಯಾಯಪದ್ಧತಿ. ಆಳುವ ದೊರೆಯನ್ನು ದ್ವೀಪದವರು ನಾರ್ಮಂಡಿಯ ಡ್ಯೂಕನೆಂದು ಪರಿಗಣಿಸಿ ಹಿಂದಿನ ಬಾಂಧವ್ಯವನ್ನು ಉಳಿಸಿಕೊಂಡು ಬಂದಿದ್ದಾರೆ. ಸ್ವದೇಶದಿಂದ ಹೊರದೂಡಲ್ಪಟ್ಟ ವಿಕ್ಟರ್ ಹ್ಯೂಗೊ 1855ರಿಂದ 1870ರವರೆಗೆ ಆಶ್ರಯ ಪಡೆದುದು ಇಲ್ಲಿಯೇ. 'ಲೆ ಮಿಸೆರಾಬ್ಲ್' ಕಾದಂಬರಿಯನ್ನು ಅವನು ಪೂರ್ತಿಗೊಳಿಸಿದ್ದು ಇಲ್ಲಿ ಕುಳಿತೇ. 1940ರ ಹೊತ್ತಿಗೆ ಇಲ್ಲಿ ಸುಮಾರು 42,000 ಜನರಿದ್ದರು. ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆದು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸುವುದು ಅವರ ಮುಖ್ಯ ಜೀವನೋಪಾಯ. ರೈಲುಗಾಡಿಯೆಂಬುದನ್ನು ಚಿತ್ರದಲ್ಲಲ್ಲದೆ ಎದುರಿಗೆ ಕಂಡ ಮಕ್ಕಳು ಅಲ್ಲಿ ಬಹು ಕಡಿಮೆ.

ಯುದ್ಧಭಯದಿಂದ ಮಕ್ಕಳನ್ನು ಊರಿನಿಂದ ದೂರ ಕಳುಹಿಸುವ ಕ್ರಮಕ್ಕೆ ಕನ್ನಡದಲ್ಲಿ ಸಿದ್ಧವಾದ ಶಬ್ದವಿಲ್ಲ. ನಮ್ಮಲ್ಲಿ 'ಗುಳೆ' ಎಂಬ ಮಾತಿದೆ. ಮಳೆ ಬಾರದ ವರ್ಷ ಬಡಗಣ ಸೀಮೆಯ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹೊಟ್ಟೆಪಾಡಿಗೆ ಹೊರಡುವುದು ಗುಳೆ. ಪ್ಲೇಗಿನ ಕಾಲದಲ್ಲಿ ಊರು ತೆರವು ಮಾಡಿ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದುದನ್ನು ನಮ್ಮ ಹಿಂದಿನವರು ಹೇಳುತ್ತಿದ್ದರು. ಆದರೆ ಗುಳೆ ಹೊರಟವರ ಬಂಡಿಯಲ್ಲಿ ತಾಯಿಯಿರುತ್ತಾಳೆ. ಪ್ಲೇಗಿನ ಗುಡಿಸಲಿನಲ್ಲಿ ಅಜ್ಜಿಯೂ ಇರುತ್ತಾಳೆ. ಹಿರಿಯರು ನಿಂತಲ್ಲೇ ನಿಂತು, ಮಕ್ಕಳನ್ನಷ್ಟೇ ಕೊರಳಿಗೊಂದು ಹೆಸರಿನ ಚೀಟಿ ಕಟ್ಟಿ ಅಪರಿಚಿತರ ಮನೆಗೆ ಕಳುಹಿಸುವುದು ಬೇರೆಯೇ ಒಂದು ಸಂಗತಿ.

ಇಂಗ್ಲೆಂಡಿನಲ್ಲಿ ಇಂಥ ಏರ್ಪಾಡು ಗರ್ನ್ಸಿಗಿಂತ ಮೊದಲೇ ನಡೆದಿತ್ತು. ಆಕಾಶದಿಂದ ಬೀಳುವ ಬಾಂಬಿಗೆ ನಗರಗಳು ದಿನಗಳೊಳಗೆ ನಾಶವಾಗುವುವೆಂಬ ಭೀತಿ 1930ರ ದಶಕದುದ್ದಕ್ಕೂ ಅಲ್ಲಿನ ಆಡಳಿತಗಾರರ ನಿದ್ದೆಗೆಡಿಸಿತ್ತು. ಸರ್ ಜಾನ್ ಆಂಡರ್‌ಸನ್ನರ ಸಮಿತಿಯು 1938ರಲ್ಲಿಯೇ ಯೋಜನೆ ಹಾಕಿಕೊಟ್ಟಿತು. ಯುದ್ಧ ಘೋಷಣೆಗೆ ಎರಡು ದಿನ ಮುಂಚೆ, 1939ರ ಸೆಪ್ಟೆಂಬರ್ 1ರಂದು, ಅದು ಕಾರ್ಯರೂಪಕ್ಕೆ ಬಂದು, ಮೊದಲ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನ, ಅವರಲ್ಲಿ 8 ಲಕ್ಷಕ್ಕೂ ಮಿಕ್ಕು ಶಾಲೆಯ ಮಕ್ಕಳು, ನಗರಗಳಿಂದ ಹಳ್ಳಿಗಾಡಿಗೆ ಸಾಗಿಸಲ್ಪಟ್ಟರು. ಈ ಕಾರ್ಯಕ್ಕೆ ಅಧಿಕಾರಿಗಳು ಇಟ್ಟ ಗುಪ್ತನಾಮ 'ಪೈಡ್ ಪೈಪರ್'. ಬ್ರೌನಿಂಗನ ಕವನದ ಆ ಕೊಳಲಿನವನನ್ನು ಕುವೆಂಪು ನಮಗೆ ಬೊಮ್ಮನಹಳ್ಳಿಯ ಕಿಂದರಿಜೋಗಿಯಾಗಿ ಪರಿಚಯ ಮಾಡಿಕೊಟ್ಟಿರುವುದರಿಂದ ಕನ್ನಡದ ಶಾಲಾಬಾಲಕನಿಗೂ ಅವನು ಗೊತ್ತು. ಅವನ ಹಿಂದೆ ಕುಣಿಯುತ್ತ ಹೋದ ಮಕ್ಕಳ ಗತಿ ಏನಾಯಿತೆಂಬುದೂ ಗೊತ್ತು. ಲಕ್ಷಗಟ್ಟಲೆ ತಾಯಂದಿರ ಮಡಿಲು ಬರಿದಾಗುವ ಕೆಲಸಕ್ಕೆ ಈ ಹೆಸರನ್ನೇ ಆರಿಸಿದ ಆ ಅಧಿಕಾರಿಯು ಕಥೆಯನ್ನು ಕೊನೆಯವರೆಗೆ ಓದಿರಲಿಲ್ಲವೋ, ಓದಿಯೂ ಮರೆತಿದ್ದನೋ ನಾನರಿಯೆ.

ಈ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡವರಿಗೆ ಒಂದು ಮಗುವಾದರೆ ವಾರಕ್ಕೆ ಹತ್ತೂವರೆ ಷಿಲಿಂಗು, ಒಂದಕ್ಕಿಂತ ಹೆಚ್ಚಾದರೆ ತಲೆಗೆ ಎಂಟೂವರೆ ಷಿಲಿಂಗು ಸರ್ಕಾರದಿಂದ ಸಲ್ಲುತ್ತಿತ್ತು. ಹಳ್ಳಿಯ ಸಭಾಭವನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಂದವರು ತಮಗೆ ಬೇಕಾದ ಮಗುವನ್ನು ಬೊಟ್ಟುಮಾಡಿ ಆರಿಸಿಕೊಂಡ ಪ್ರಸಂಗಗಳನ್ನು ಅಲ್ಲಿ ನಿಂತಿದ್ದವರು ಮುದಿತನದಲ್ಲಿಯೂ ಮರೆತಿಲ್ಲ. ನಮ್ಮ ಸಂತೆಯಲ್ಲಿ ಕರುವನ್ನು ಕೊಳ್ಳುವವನು ಕೂಡ ಅದರ ಜೊತೆಯದನ್ನು ಅಗಲಿಸುವ ಮೊದಲು ಒಮ್ಮೆ ಹಿಂದುಮುಂದು ನೋಡುತ್ತಾನೆ. ಅಲ್ಲಿ ಅಕ್ಕತಮ್ಮಂದಿರು ಬೇರೆ ಬೇರೆ ಮನೆಗಳ ಪಾಲಾದುದುಂಟು. ನಿರೀಕ್ಷಿಸಿದ ಬಾಂಬು ಮೊದಲ ಚಳಿಗಾಲದಲ್ಲಿ ಬೀಳಲಿಲ್ಲವಾಗಿ, 1940ರ ಜನವರಿಯ ಹೊತ್ತಿಗೆ ಅರ್ಧದಷ್ಟು ಜನ ಮನೆಗೆ ಮರಳಿದ್ದರು. ತಾಯಂದಿರು ಭಾನುವಾರ ರೈಲು ಹತ್ತಿ ಮಕ್ಕಳನ್ನು ನೋಡಿಬರಬಹುದಾಗಿತ್ತು; ಮನಸ್ಸು ತಡೆಯದಿದ್ದರೆ ಕರೆದುಕೊಂಡೂ ಬರಬಹುದಾಗಿತ್ತು. ಗರ್ನ್ಸಿಯ ತಾಯಂದಿರಿಗೆ ಆ ಬಾಗಿಲು ತೆರೆದಿರಲಿಲ್ಲವೆಂಬುದೇ ಈ ಎರಡು ಕಥೆಗಳ ವ್ಯತ್ಯಾಸ.

1940ರ ಜೂನ್ 14ರಂದು ಪ್ಯಾರಿಸ್ ನಗರ ಜರ್ಮನರ ವಶವಾಯಿತು. ಗರ್ನ್ಸಿಯ ದಡದಲ್ಲಿ ನಿಂತವರಿಗೆ ಫ್ರಾನ್ಸಿನ ಕಡೆಯಿಂದ ಯುದ್ಧದ ಸದ್ದು ಕೇಳಿಸತೊಡಗಿತು. ಈ ದ್ವೀಪಗಳನ್ನು ರಕ್ಷಿಸುವುದು ಸಾಧ್ಯವಿಲ್ಲ, ರಕ್ಷಿಸಿದರೂ ಪ್ರಯೋಜನವಿಲ್ಲವೆಂದು ಲಂಡನ್ನಿನ ಸರ್ಕಾರವು ನಿರ್ಧರಿಸಿ, ಇದ್ದ ಸೈನ್ಯವನ್ನೂ ಹಿಂದಕ್ಕೆ ಕರೆಸಿಕೊಂಡಿತು. ಜೂನ್ 19ರಂದು ದ್ವೀಪದ ಪತ್ರಿಕೆಗಳಲ್ಲಿ ಪ್ರಕಟಣೆ ಬಂದಿತು: ಮಕ್ಕಳನ್ನು ಇಂಗ್ಲೆಂಡಿಗೆ ಕಳುಹಿಸಬಯಸುವವರು ಅಂದು ಸಂಜೆಯೊಳಗೆ ಹೆಸರು ಕೊಡಬೇಕು, ಮರುದಿನ ಹಡಗು ಹೊರಡುತ್ತದೆ. ಹೆಣ್ಣು ಕೊಡುವಾಗ ನಾವು ತಿಂಗಳುಗಟ್ಟಲೆ ಜಾತಕ ನೋಡುತ್ತೇವೆ, ಎತ್ತು ಮಾರುವಾಗ ನಾಲ್ಕು ಜನರನ್ನು ಕೇಳುತ್ತೇವೆ. ಇಲ್ಲಿ ತಂದೆತಾಯಿಗಳಿಗೆ ಸಿಕ್ಕಿದ್ದು ಒಂದು ಇರುಳು. ಹೋಗುವವರನ್ನು ಹೇಡಿಗಳೆಂದು ಹೀಗಳೆಯುವ ಭಿತ್ತಿಪತ್ರಗಳು ಬೀದಿಯಲ್ಲಿ ಕಾಣಿಸಿಕೊಂಡವು. ತೆರವು ನಿಂತುಹೋಯಿತೆಂಬ ವದಂತಿ ಹಬ್ಬಿ, ಕೆಲವರು ಬಂದರಿನವರೆಗೆ ಹೋದ ಮಕ್ಕಳನ್ನು ಹಿಂದಕ್ಕೆ ಕರೆತಂದರು. ಸಾಕಿದ ನಾಯಿ ಬೆಕ್ಕುಗಳನ್ನು ಕೊಲ್ಲಿಸಲು ಜನ ಸಾಲುಗಟ್ಟಿ ನಿಂತರು. ಸಮೀಪದ ಆಲ್ಡರ್ನಿ ದ್ವೀಪವಂತೂ ಒಂದೇ ದಿನದಲ್ಲಿ ಬಹುಮಟ್ಟಿಗೆ ಬರಿದಾಗಿ, ಕೆಚ್ಚಲು ಬಿರಿದು ಅರಚುತ್ತಿದ್ದ ಅಲ್ಲಿಯ ಹಸುಗಳನ್ನು ಕರೆತರಲು ಗರ್ನ್ಸಿಯಿಂದ ಜನ ಹೋಗಬೇಕಾಯಿತು.

ಬೆಳಗಿನ ಜಾವದಲ್ಲಿಯೇ ಮಕ್ಕಳು ಶಾಲೆಯ ಮುಂದೆ ಸೇರಿದರು. ಹೆಗಲಿಗೆ ಅನಿಲಮುಖವಾಡದ ಪೆಟ್ಟಿಗೆ, ಕೈಯಲ್ಲೊಂದು ಚಿಕ್ಕ ಚೀಲ ಅಥವಾ ದಿಂಬಿನ ಗವಸು, ಅದರಲ್ಲಿ ಎರಡು ಜೊತೆ ಬಟ್ಟೆ, ದಾರಿಗೊಂದಿಷ್ಟು ಬ್ರೆಡ್ಡು. ಅನೇಕ ತಾಯಂದಿರು ಶಾಲೆಯ ಬಾಗಿಲಲ್ಲಿಯೇ ಬೀಳ್ಕೊಟ್ಟರು. ತಾವೂ ಎರಡು ದಿನ ಬಿಟ್ಟು ಹಿಂದಿನಿಂದಲೇ ಬರುವೆವೆಂದು ಅವರು ಹೇಳಿದ ಮಾತು ಸುಳ್ಳಾಗಿರಲಿಲ್ಲ, ಬರಬೇಕೆಂದೇ ಇದ್ದರು. ಅಂಚೆಯ ಹಡಗು, ದನ ಸಾಗಿಸುವ ಹಡಗು, ಕಲ್ಲಿದ್ದಲಿನ ಹಡಗು, ಸಿಕ್ಕಿದ್ದೆಲ್ಲವೂ ಮಕ್ಕಳನ್ನು ಹೊತ್ತು ವೇಮತ್ ಬಂದರಿಗೆ ಸಾಗಿದವು. ಹೀಗೆ ಕೆಲವೇ ದಿನಗಳಲ್ಲಿ ಗರ್ನ್ಸಿಯಿಂದ ಹೊರಟವರು ಸುಮಾರು 17,000 ಮಂದಿ. ಅವರಲ್ಲಿ ಉಪಾಧ್ಯಾಯರೊಡನೆ ಹೊರಟ ಶಾಲಾಮಕ್ಕಳೇ ಸುಮಾರು 5,000.

ಜೂನ್ 28ರ ಸಂಜೆ ಸೇಂಟ್ ಪೀಟರ್ ಪೋರ್ಟಿನ ಬಂದರಿನಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿದ್ದುದು ಟೊಮೆಟೊ, ಋತುಮಾನದ ಬೆಳೆ, ಯುದ್ಧವೆಂದು ಹಣ್ಣು ಮಾಗದೆ ನಿಲ್ಲುತ್ತದೆಯೆ? ಮೇಲಿನಿಂದ ನೋಡಿದ ಜರ್ಮನ್ ವಿಮಾನಗಳಿಗೆ ಅದು ಸೈನ್ಯದ ಸಾಲಾಗಿ ಕಂಡಿತು. ದ್ವೀಪದಿಂದ ಸೈನ್ಯವನ್ನು ತೆಗೆದಿರುವೆವೆಂದು ಶತ್ರುವಿಗೆ ತಿಳಿಸಬೇಕಾದವರು ಇನ್ನೂ ತಿಳಿಸಿರಲಿಲ್ಲ. ಬಾಂಬು ಬಿದ್ದಾಗ ಲಾರಿಗಳ ಕೆಳಗೆ ಅಡಗಿದ ಚಾಲಕರು ಅಲ್ಲಿಯೇ ಜಜ್ಜಿಹೋದರು. ಮೂವತ್ತಕ್ಕೂ ಮಿಕ್ಕ ಜನ ಸತ್ತರು. ಕಲ್ಲುಹಾಸಿನ ಮೇಲೆ ಹರಿದುದರಲ್ಲಿ ರಸವಾವುದು ರಕ್ತವಾವುದು ತಿಳಿಯಲಿಲ್ಲವೆಂದು ಕಂಡವರು ಹೇಳಿದ್ದಾರೆ. ಜೂನ್ 30ರಂದು ಜರ್ಮನರು ಇಳಿದರು. ಹಿಂದಿನಿಂದ ಬರುವೆನೆಂದಿದ್ದ ತಾಯಿ ದಡದಲ್ಲಿಯೇ ಉಳಿದಳು.

ಇತ್ತ ಮಕ್ಕಳು ರಾತ್ರಿಯಿಡೀ ರೈಲಿನಲ್ಲಿ ಉತ್ತರಕ್ಕೆ ಸಾಗಿ, ಸ್ಟಾಕ್‌ಪೋರ್ಟ್, ಬರಿ, ಓಲ್ಡಮ್ ಮುಂತಾದ ಗಿರಣಿಯ ಊರುಗಳಲ್ಲಿ ಕಣ್ಣುಬಿಟ್ಟರು. ಸ್ಟಾಕ್‌ಪೋರ್ಟಿನ ನಡುವೆ ಒಂದು ಕೋಟಿಗೂ ಮಿಕ್ಕ ಇಟ್ಟಿಗೆಗಳಿಂದ ಕಟ್ಟಿದ ಕಮಾನುಸಾಲಿನ ಮೇಲೆ ರೈಲು ಹಾಯುತ್ತದೆ. ಕೆಳಗೆ ನೋಡಿದರೆ ಹೊಗೆಕೊಳವೆಗಳ ಕಾಡು. ಕಡಲಿನ ಗಾಳಿಯಲ್ಲಿ ಬೆಳೆದವರಿಗೆ ಕಪ್ಪುಮಸಿ ಹಿಡಿದ ಗೋಡೆಗಳು, ಮುಂಜಾನೆ ಗಿರಣಿಗೆ ನಡೆಯುವವರ ಮರದ ಪಾದರಕ್ಷೆಗಳ ಟಕಟಕ, ಎಲ್ಲವೂ ಪರಲೋಕದಂತೆ ತೋರಿದುದು ಸಹಜ. ಅಲ್ಲಿನವರಿಗಾದರೂ ಈ ದ್ವೀಪವೆಲ್ಲಿದೆಯೆಂದು ಸರಿಯಾಗಿ ಗೊತ್ತಿರಲಿಲ್ಲ. ಬರುವವರಿಗೆ ಫ್ರೆಂಚ್ ಬಿಟ್ಟು ಬೇರೆ ಭಾಷೆ ಬಾರದೆಂದು ತಿಳಿದವರಿದ್ದರು. ಆದರೂ ಆ ಶ್ರಮಜೀವಿಗಳು, ತಮ್ಮ ಮನೆಯಲ್ಲೇ ಸಕ್ಕರೆ ಚೀಟಿಯ ಲೆಕ್ಕದಲ್ಲಿ ಬರುತ್ತಿದ್ದಾಗ, ಹಾಸಿಗೆ ತಂದುಕೊಟ್ಟರು, ಬಟ್ಟೆ ತಂದುಕೊಟ್ಟರು, ಕೂಸುಗಳೊಡನೆ ಬಂದ ತಾಯಂದಿರು ಖಾಲಿ ಮನೆಗಳನ್ನು ಹಿಡಿದಾಗ ಕುರ್ಚಿ ಮಡಕೆಗಳನ್ನು ಹೊತ್ತು ತಂದರು. ಎಲ್ಲ ಮನೆಗಳೂ ಹಾಗಿರಲಿಲ್ಲವೆಂಬುದನ್ನೂ ಹೇಳಬೇಕು; ಮಗುವನ್ನು ಆಳಿನಂತೆ ದುಡಿಸಿದವರೂ, ಹೊಡೆದವರೂ ಇದ್ದರು. ಕ್ಷೇಮಕ್ಕೆಂದು ಕಳುಹಿಸಿದ ಊರುಗಳ ನೆರೆಯ ಮ್ಯಾಂಚೆಸ್ಟರಿನ ಮೇಲೆ ಅದೇ ವರ್ಷದ ಕ್ರಿಸ್ಮಸ್ ಹೊತ್ತಿಗೆ ಬಾಂಬುಗಳು ಸುರಿದವು.

ಬರಲಾರದ ತಾಯಿಗೂ ಹೋಗಲಾರದ ಮಗುವಿಗೂ ನಡುವೆ ಉಳಿದ ಸೇತು ಒಂದೇ. ಜಿನೀವಾದ ರೆಡ್‌ಕ್ರಾಸ್ ಸಂಸ್ಥೆಯ ಮೂಲಕ ಒಂದು ಅಚ್ಚಿನ ನಮೂನೆಯ ಕಾಗದವನ್ನು ಕಳುಹಿಸಬಹುದಾಗಿತ್ತು. ಅದರಲ್ಲಿ ಬರೆಯಬಹುದಾದುದು 25 ಪದ. ಮನೆಯ ಸುದ್ದಿಯಲ್ಲದೆ ಬೇರೇನೂ ಕೂಡದು. ಯುದ್ಧದ ಮಾತು ಕೂಡದು, ಹಸಿವಿನ ಮಾತು ಕೂಡದು. ಎರಡು ಕಡೆಯ ಪರೀಕ್ಷಕರ ಕಣ್ಣು ದಾಟಿ ಅದು ತಲುಪಲು ತಿಂಗಳುಗಳು ಹಿಡಿಯುತ್ತಿದ್ದವು. ಪ್ರತ್ಯುತ್ತರವನ್ನು ಅದೇ ಕಾಗದದ ಬೆನ್ನಿನ ಮೇಲೆ ಬರೆದು ಹಿಂದಿರುಗಿಸಬೇಕು. ನಮ್ಮ ಕನ್ನಡದಲ್ಲಾದರೆ 'ಬರಲಾರದವಳಾಗಿದ್ದೇನೆಂದು' ಎಂಬಷ್ಟನ್ನು ಒಂದೇ ಪದದಲ್ಲಿ ಹಿಡಿಸಿ, ಇಪ್ಪತ್ತೈದರಲ್ಲಿ ಒಂದು ಪುಟದ ಸಂಗತಿ ತುಂಬಿಸಬಹುದಿತ್ತೇನೋ. ಇಂಗ್ಲಿಷಿನಲ್ಲಿ ನಾನು ನೀನು ಎನ್ನುವುದಕ್ಕೇ ಪದಗಳು ಖರ್ಚಾಗಿಬಿಡುತ್ತವೆ. ಒಂದು ಮೇಜಿನ ಮುಂದೆ ಕುಳಿತು, ಬೆರಳು ಮಡಿಸಿ ಪದಗಳನ್ನೆಣಿಸಿ, ಒಂದು ಹೆಚ್ಚಾಯಿತೆಂದು ಹೊಡೆದುಹಾಕುವ ತಾಯಿಯನ್ನು ಊಹಿಸಿಕೊಳ್ಳಿ. ಯಾವುದನ್ನು ಹೊಡೆಯಬೇಕು, ಅಜ್ಜಿಯ ಹೆಸರನ್ನೇ, ಮುತ್ತನ್ನೇ? ಮಗು ಅದನ್ನು ಓದುವ ಹೊತ್ತಿಗೆ ಆ ಅಜ್ಜಿ ಇದ್ದಾಳೆಯೋ ಇಲ್ಲವೋ ಬರೆದವರಿಗೇ ತಿಳಿಯದು.

ಮನುಷ್ಯನು ಕಾಗದವನ್ನು ಎಷ್ಟು ಹಿಂಡಬಲ್ಲನೆಂಬುದಕ್ಕೆ ಸ್ಟಾಕ್‌ಪೋರ್ಟಿನಲ್ಲಿ ನೆಲೆಸಿದ ದ್ವೀಪವಾಸಿಗಳು ಹೊರಡಿಸಿದ ಮಾಸಪತ್ರಿಕೆಯೇ ಸಾಕ್ಷಿ. ಒಬ್ಬರಿಗೆ ಬಂದ ಇಪ್ಪತ್ತೈದು ಪದಗಳಲ್ಲಿ ಇನ್ನೊಬ್ಬರ ಮನೆಯ ಸುದ್ದಿಯೂ ಸೋರಿಬಂದಿರುತ್ತಿತ್ತು. ಅವನ್ನು ಒಟ್ಟುಗೂಡಿಸಿ ಆ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಇಂಥವರ ಮನೆಯಲ್ಲಿ ಮಗು ಹುಟ್ಟಿತು, ಇಂಥವರು ತೀರಿಕೊಂಡರು, ಇಂಥ ಬೀದಿಯವರೆಲ್ಲ ಕ್ಷೇಮ. ನಮ್ಮಲ್ಲಿ ಬಾವಿಕಟ್ಟೆಯ ಬಳಿ ನಡೆಯುವ ಕೆಲಸವನ್ನು ಅಲ್ಲಿ ಮುದ್ರಣಾಲಯವು ಮಾಡಿತು. ಆ ಕಾಲವನ್ನು ಅರಿಯಬಯಸುವವನಿಗೆ ಸರ್ಕಾರದ ಕಡತಗಳಿಗಿಂತ ಈ ತೆಳ್ಳನೆಯ ಹಾಳೆಗಳೇ ಹೆಚ್ಚು ಪ್ರಯೋಜನಕಾರಿಯೆಂಬುದು ನನ್ನ ಅಭಿಪ್ರಾಯ.

1944ರ ಜೂನಿನಲ್ಲಿ ಮಿತ್ರಸೈನ್ಯ ನಾರ್ಮಂಡಿಯಲ್ಲಿ ಇಳಿದ ಮೇಲೆ ದ್ವೀಪಕ್ಕೆ ಫ್ರಾನ್ಸಿನಿಂದ ಬರುತ್ತಿದ್ದ ಆಹಾರ ನಿಂತಿತು. ಡಿಸೆಂಬರ್ 27ರಂದು ರೆಡ್‌ಕ್ರಾಸಿನ 'ವೇಗಾ' ಹಡಗು ಪೊಟ್ಟಣಗಳನ್ನು ಹೊತ್ತು ತರುವವರೆಗೆ ಜನ ಉಪವಾಸಕ್ಕೆ ಸಮೀಪವಾಗಿದ್ದರು. 1945ರ ಮೇ 9ರಂದು ಬಿಡುಗಡೆಯಾಯಿತು. ಆ ಬೇಸಗೆಯಿಂದ ಮಕ್ಕಳು ಮರಳತೊಡಗಿದರು.

ಐದು ವಯಸ್ಸಿಗೆ ಹೋದವನಿಗೆ ಹತ್ತು. ಹತ್ತಕ್ಕೆ ಹೋದವನು ದುಡಿಯುವ ತರುಣ. ಬಂದರಿನಲ್ಲಿ ತಾಯಿ ತನ್ನ ಮಗುವನ್ನು ಹುಡುಕುತ್ತ ನಿಂತಿದ್ದಳು. ಮಗುವು ತನ್ನ ನೆನಪಿನ ತಾಯಿಯನ್ನು ಹುಡುಕುತ್ತ, ಎದುರಿಗಿದ್ದ ಈ ಬಡಕಲು ಹೆಂಗಸನ್ನು ದಾಟಿ ಮುಂದಕ್ಕೆ ನೋಡುತ್ತಿತ್ತು. ಮನೆಯಲ್ಲಿ ಹಿಂದೆಂದೂ ಕಾಣದ ತಮ್ಮನೋ ತಂಗಿಯೋ ಇದ್ದರು. ಬಿಟ್ಟುಬಂದ ಕಡೆ ಇನ್ನೊಬ್ಬ ತಾಯಿ, ಮಗುವಿನ ಬಾಯಲ್ಲಿ ಆಂಟಿಯಾಗಿದ್ದವಳು, ಬರಿದಾದ ಹಾಸಿಗೆಯನ್ನು ಮಡಿಸುತ್ತಿದ್ದಳು. ಮಥುರೆಗೆ ಹೋದ ಕೃಷ್ಣ ಗೋಕುಲಕ್ಕೆ ಮರಳಲಿಲ್ಲ. ಈ ಮಕ್ಕಳಲ್ಲಿ ಕೆಲವರು ಪ್ರಾಯಕ್ಕೆ ಬಂದ ಮೇಲೆ ತಮ್ಮ ಗೋಕುಲವನ್ನೇ ಅರಸಿ ಉತ್ತರದ ಊರುಗಳಿಗೆ ಹೋಗಿ ನೆಲೆಸಿದರು.

ಇನ್ನೊಂದು ನಷ್ಟವನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗರ್ನ್ಸಿಯ ಹಳ್ಳಿಗರ ಮನೆಮಾತು ಗರ್ನೇಜಿಯೆ. ನಾರ್ಮನ್ ಫ್ರೆಂಚಿನ ಒಂದು ಪ್ರಭೇದ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾರ್ಜ್ ಮೆಟಿವಿಯೆ ಅದರಲ್ಲಿ ಕವನ ಬರೆದು, ಅದಕ್ಕೊಂದು ನಿಘಂಟನ್ನೂ ಕಟ್ಟಿಕೊಟ್ಟಿದ್ದ. ಇಂಗ್ಲಿಷಿನ ಒತ್ತಡ ಯುದ್ಧಕ್ಕೆ ಮೊದಲೇ ಇದ್ದಿತಾದರೂ ಅಡಿಗೆಮನೆಯಲ್ಲಿ, ಹೊಲದಲ್ಲಿ ಆ ನುಡಿ ಜೀವಂತವಾಗಿತ್ತು. ಮಾತು ಕಲಿಯುವ ವಯಸ್ಸಿನ ಒಂದು ತಲೆಮಾರನ್ನೇ ಎತ್ತಿ ಐದು ವರ್ಷ ಲ್ಯಾಂಕಷೈರಿನಲ್ಲಿಟ್ಟು ತಂದಾಗ, ಮಕ್ಕಳು ಅಲ್ಲಿಯ ಗಿರಣಿಯವರ ಉಚ್ಚಾರಣೆಯ ಇಂಗ್ಲಿಷನ್ನು ಹೊತ್ತು ಬಂದರು. ಅಜ್ಜ ಕರೆದರೆ ಮೊಮ್ಮಗ ಮಿಕಮಿಕ ನೋಡುವಂತಾಯಿತು. 2001ರ ಜನಗಣತಿಯಲ್ಲಿ ಆ ಭಾಷೆಯನ್ನು ನಿರರ್ಗಳವಾಗಿ ಬಲ್ಲವರೆಂದು ಬರೆಸಿದವರು 1,327. ಅವರಲ್ಲಿ ಬಹುಪಾಲು ವೃದ್ಧರು. ಮೈಸೂರಿನಲ್ಲೋ ಧಾರವಾಡದಲ್ಲೋ ಕುಳಿತು ಇದನ್ನು ಓದುವವರಿಗೆ, ಮನೆಮಾತು ಮುಂದಿನ ತಲೆಮಾರಿಗೆ ದಾಟದೆ ನಿಲ್ಲಲು ಯುದ್ಧವೇ ಬೇಕಾಗಿಲ್ಲವೆಂದು ನಾನು ಹೇಳಬೇಕಾದುದಿಲ್ಲ.

ಇಷ್ಟೆಲ್ಲ ನಡೆದ ಮೇಲೂ ಈ ವೃತ್ತಾಂತ ಮರೆಯಾದುದು ಹೇಗೆ? ನನಗೆ ತೋರುವ ಕಾರಣವಿದು. ಇತಿಹಾಸವು ಸಾಮಾನ್ಯವಾಗಿ ಇದ್ದಲ್ಲೇ ಇದ್ದವರ ಪಕ್ಷಪಾತಿ. ಜರ್ಮನರು ಸುರಿದ ಕಾಂಕ್ರೀಟಿನ ಕೋಟೆಗಳು ಗರ್ನ್ಸಿಯ ದಡದಲ್ಲಿ ಇನ್ನೂ ನಿಂತಿವೆ. ಬಂಡೆ ಕೊರೆದು ಮಾಡಿದ ಅವರ ನೆಲದಡಿಯ ಆಸ್ಪತ್ರೆಯನ್ನು ಪ್ರವಾಸಿಗಳು ಕಂಡು ಬರುತ್ತಾರೆ. ಆಕ್ರಮಣದ ಕಾಲದ ಬಗೆಗೆ ಗ್ರಂಥಗಳಿವೆ, ಕಾದಂಬರಿಗಳಿವೆ. ಊರುಬಿಟ್ಟು ಹೋದವರ ಇತಿಹಾಸಕ್ಕೆ ಕಾಂಕ್ರೀಟಿಲ್ಲ. ಅದು ಅಟ್ಟದ ಮೇಲಿನ ಒಂದು ಪೆಟ್ಟಿಗೆಯಲ್ಲಿರುತ್ತದೆ. ಅಲ್ಲದೆ, ಮರಳಿ ಬಂದವರಿಗೂ ಉಳಿದಿದ್ದವರಿಗೂ ನಡುವೆ ಒಂದು ಮುಸುಕಿನ ಮುನಿಸಿತ್ತು: ನಾವು ಇಲ್ಲಿ ಹಸಿದು ಸಾಯುತ್ತಿದ್ದಾಗ ನೀವು ಅಲ್ಲಿ ಸುಖವಾಗಿದ್ದಿರಿ. ಈ ಮಾತಿಗೆ ಹತ್ತು ವರ್ಷದ ಹುಡುಗಿ ಏನೆಂದು ಉತ್ತರ ಕೊಟ್ಟಾಳು? ಸುಮ್ಮನಾದಳು, ಮದುವೆಯಾಗಿ ಮಕ್ಕಳಾದ ಮೇಲೂ ಸುಮ್ಮನೇ ಇದ್ದಳು.

ಹಿರಿಯರು ಮಕ್ಕಳ ವಿಷಯ ಬರೆಯಲಿಲ್ಲವೆಂದಲ್ಲ. ಇಂಗ್ಲೆಂಡಿನ ತೆರವಿನ ಬಗೆಗೆ ಅಧಿಕಾರಿಗಳು ಹೇನಿನ ಲೆಕ್ಕ ಬರೆದರು, ಹಾಸಿಗೆ ಒದ್ದೆಮಾಡುವವರ ಲೆಕ್ಕ ಬರೆದರು. 1939ರ ಡಿಸೆಂಬರಿನಲ್ಲಿ ಬೌಲ್ಬಿ, ವಿನಿಕಾಟ್ ಮತ್ತು ಮಿಲ್ಲರ್ ಎಂಬ ಮೂವರು ವೈದ್ಯರು, ಎರಡರಿಂದ ಐದು ವರ್ಷದ ಕೂಸುಗಳನ್ನು ತಾಯಿಯಿಂದ ಅಗಲಿಸುವುದು ಅಪಾಯಕರವೆಂದು ವೈದ್ಯಪತ್ರಿಕೆಯೊಂದಕ್ಕೆ ಬರೆದರು. ಆದರೆ ಮಕ್ಕಳನ್ನೇ ಕೇಳಿದವರು ಕಡಿಮೆ. ಕೇಂಬ್ರಿಜ್‌ನಲ್ಲಿ ಸೂಸನ್ ಐಸಾಕ್ಸ್ ಅವರ ತಂಡವು, ಇಲ್ಲಿ ನಿಮಗೆ ಹಿಡಿಸಿದ್ದೇನು, ಇಲ್ಲಿ ನಿಮಗೆ ಇಲ್ಲವೆನಿಸುವುದೇನು ಎಂದು ಅಲ್ಲಿಗೆ ಬಂದ ಮಕ್ಕಳಿಂದಲೇ ಬರೆಯಿಸಿ 1941ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದು ಒಂದು ಸುಂದರ ಅಪವಾದ. ಗರ್ನ್ಸಿಯ ಮಕ್ಕಳನ್ನು ಹಾಗೆ ವಿಸ್ತಾರವಾಗಿ ಕೇಳುವ ಹೊತ್ತಿಗೆ ಅವರು ಅಜ್ಜಅಜ್ಜಿಯರಾಗಿದ್ದರು. ಇತಿಹಾಸಕಾರ್ತಿ ಜಿಲಿಯನ್ ಮಾಸನ್ ಅವರು ಒಬ್ಬೊಬ್ಬರನ್ನೇ ಹುಡುಕಿ, ಮನೆಗೆ ಹೋಗಿ ಮಾತಾಡಿಸಿ, ಶಾಲೆಯ ದಿನಚರಿ, ಹಳೆಯ ಪತ್ರಿಕೆ, ರೆಡ್‌ಕ್ರಾಸಿನ ಕಾಗದಗಳೊಡನೆ ಹೋಲಿಸಿ, 2012ರಲ್ಲಿ ಗ್ರಂಥವೊಂದನ್ನು ಹೊರತಂದರು. ಸ್ವಂತ ಮಕ್ಕಳಿಗೂ ಹೇಳದ ಸಂಗತಿಯನ್ನು ಅನೇಕರು ಈ ಹೊರಗಿನ ಹೆಂಗಸಿನ ಮುಂದೆ ಮೊದಲ ಬಾರಿಗೆ ಬಾಯಿಬಿಟ್ಟರು.

ಈ ಬಗೆಯ ಸಂಶೋಧನೆಯಲ್ಲಿ ಒಂದು ತೊಡಕುಂಟು. ಎಂಬತ್ತು ವರ್ಷದವರ ನೆನಪು ತಾರೀಖಿನ ವಿಷಯದಲ್ಲಿ ತಪ್ಪುತ್ತದೆ, ಹಡಗಿನ ಹೆಸರನ್ನು ಅದಲುಬದಲು ಮಾಡುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ತಾನೇ ಕಂಡೆನೆಂದು ನಂಬಿಬಿಡುತ್ತದೆ. ಕಡತವಾದರೋ ತಾರೀಖನ್ನು ಬಲ್ಲದು, ಸಂಖ್ಯೆಯನ್ನು ಬಲ್ಲದು. ದನ ಸಾಗಿಸಿದ ಹಡಗಿನ ಸಗಣಿಯ ವಾಸನೆಯನ್ನು ಅರಿಯದು. ಹಡಗು ಯಾವುದೆಂಬುದಕ್ಕೆ ನಾನು ಕಡತವನ್ನು ನಂಬುತ್ತೇನೆ. ಅದರೊಳಗೆ ಹೇಗಿತ್ತೆಂಬುದಕ್ಕೆ ಅಜ್ಜಿಯನ್ನು ನಂಬುತ್ತೇನೆ. ಇವೆರಡನ್ನೂ ಒಂದೇ ಮೇಜಿನ ಮೇಲೆ ಹರಡಿಕೊಳ್ಳುವ ತಾಳ್ಮೆಯಿಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದು ಲೇಸು.

ಗರ್ನ್ಸಿಯಲ್ಲಿ ಮೇ 9 ಇಂದಿಗೂ ದೊಡ್ಡ ಹಬ್ಬ. ಬಾವುಟ, ವಾದ್ಯ, ಬಂದರಿನ ಬಳಿ ಜನಜಾತ್ರೆ. 1945ರ ಆ ದಿನ ಊರಿಗೆ ಊರೇ ಬೀದಿಗಿಳಿದು ಕುಣಿದಾಗ ಈ ಮಕ್ಕಳು ಸ್ಟಾಕ್‌ಪೋರ್ಟಿನಲ್ಲೋ ಬರಿಯಲ್ಲೋ ಇದ್ದರು. ಅವರು ಮರಳಿದ ದಿನಕ್ಕೆ ಹಬ್ಬವಿಲ್ಲ, ಏಕೆಂದರೆ ಅಂಥ ಒಂದು ದಿನವಿಲ್ಲ. ಒಬ್ಬರು ಜುಲೈಯಲ್ಲಿ ಬಂದರು, ಒಬ್ಬರು ಮಳೆಗಾಲ ಹಿಡಿದ ಮೇಲೆ ಬಂದರು, ಪ್ರತಿಯೊಬ್ಬರಿಗೂ ಒಂದೊಂದು ಹಡಗು. ಅವರಲ್ಲಿ ಉಳಿದಿರುವ ಕೆಲವರು ಮೇ 9ರಂದು ಕುರ್ಚಿ ಹಾಕಿಸಿಕೊಂಡು ಬೀದಿಯ ಪಕ್ಕದಲ್ಲಿ ಕುಳಿತು, ತಾವು ಕಾಣದಿದ್ದ ದಿನದ ಮೆರವಣಿಗೆಯನ್ನು ನೋಡುತ್ತಾರೆ.